ಶ್ರೀರಂಗಪಟ್ಟಣದ ವಕೀಲರು

ವಕೀಲನೆಂದರೆ ಇಂದು ನ್ಯಾಯಸ್ಥಾನದಲ್ಲಿ ಕಕ್ಷಿಗಾರನ ಪರವಾಗಿ ವಾದಿಸುವವನು. ಹದಿನೆಂಟನೆಯ ಶತಮಾನದಲ್ಲಿ ಆ ಶಬ್ದಕ್ಕೆ ಇನ್ನೊಂದು ಅರ್ಥವು ಹೆಚ್ಚಾಗಿ ಬಳಕೆಯಲ್ಲಿದ್ದಿತು. ಒಬ್ಬ ಅರಸನ ಪರವಾಗಿ ಮತ್ತೊಬ್ಬ ಅರಸನ ದರ್ಬಾರಿನಲ್ಲಿ ನಿಂತು ಮಾತನಾಡುವವನೇ ಅಂದಿನ ವಕೀಲ. ಶ್ರೀರಂಗಪಟ್ಟಣದಲ್ಲಿ ಪೇಶ್ವೆಯ ವಕೀಲರು ಬಿಡಾರ ಮಾಡಿಕೊಂಡಿರುತ್ತಿದ್ದರು. ಮೈಸೂರಿನ ವಕೀಲರು ಪುಣೆಯಲ್ಲಿಯೂ ಹೈದರಾಬಾದಿನಲ್ಲಿಯೂ ಇರುತ್ತಿದ್ದರು. ಅವರ ನಿತ್ಯದ ಕೆಲಸದಲ್ಲಿ ವೈಭವವೇನೂ ಇರಲಿಲ್ಲ. ಬೆಳಗಾದರೆ ದರ್ಬಾರಿನಲ್ಲಿ ಯಾರಿಗೆ ಮನ್ನಣೆ ದೊರೆಯಿತು, ಯಾರು ಮುಖ ಬಾಡಿಸಿಕೊಂಡು ಹೊರಬಂದರು, ಯಾವ ಸರದಾರನ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದಾರೆ, ಪೇಟೆಯಲ್ಲಿ ಧಾನ್ಯದ ಧಾರಣೆ ಏಕೆ ಏರಿತು ಎಂಬುದನ್ನು ವಿಚಾರಿಸಿ, ಸಂಜೆಗೆ ಅದನ್ನೆಲ್ಲ ಬರೆದು, ಹರಿಕಾರನ ಕೈಗೆ ಕೊಟ್ಟು ಕಳುಹಿಸುವುದು. ಇಂತಹ ಕಾಗದಗಳ ಬಲದಿಂದಲೇ ಅಂದಿನ ರಾಜ್ಯಗಳು ಯುದ್ಧವನ್ನೂ ಸಂಧಿಯನ್ನೂ ನಿಶ್ಚಯಿಸುತ್ತಿದ್ದುವು.

ದೂತನ ಬಾಳು ಎಂತಹುದೆಂಬುದನ್ನು ಪ್ರಾಚೀನರು ಚೆನ್ನಾಗಿ ಅರಿತಿದ್ದರು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತಪ್ರಣಿಧಿಯೆಂಬ ಒಂದು ಅಧ್ಯಾಯವೇ ಇದೆ. ಶತಮಾನಗಳಿಂದ ಮರೆಯಾಗಿದ್ದ ಆ ಗ್ರಂಥವನ್ನು 1909ರಲ್ಲಿ ಮೈಸೂರಿನಲ್ಲಿ ಅಚ್ಚು ಮಾಡಿಸಿ ಲೋಕಕ್ಕೆ ಒಪ್ಪಿಸಿದವರು ಆರ್. ಶಾಮಶಾಸ್ತ್ರಿಗಳು. ಕೌಟಿಲ್ಯನ ಮತದಲ್ಲಿ ದೂತರು ಮೂರು ಬಗೆ: ಸಮಸ್ತ ಕಾರ್ಯವನ್ನೂ ತನ್ನ ವಿವೇಕದಿಂದ ನಡೆಸುವ ಅಧಿಕಾರವುಳ್ಳ ನಿಸೃಷ್ಟಾರ್ಥನು ಮೊದಲನೆಯವನು, ಗೊತ್ತುಮಾಡಿದ ಎಲ್ಲೆಯೊಳಗೆ ಮಾತ್ರ ಮಾತನಾಡತಕ್ಕ ಪರಿಮಿತಾರ್ಥನು ಎರಡನೆಯವನು, ಕೊಟ್ಟ ಪತ್ರವನ್ನು ಮುಟ್ಟಿಸಿ ಬರುವ ಶಾಸನಹರನು ಮೂರನೆಯವನು. ದೂತನಾದವನು ಪರರ ಮನ್ನಣೆಗೆ ಉಬ್ಬಬಾರದು, ಕಟುವಾಕ್ಯವನ್ನು ಸಹಿಸಬೇಕು, ಮದ್ಯವನ್ನು ಮುಟ್ಟಬಾರದು, ಒಬ್ಬನೇ ಮಲಗಬೇಕು. ಏಕೆಂದರೆ ನಿದ್ರೆಯಲ್ಲಿಯೂ ಮತ್ತಿನಲ್ಲಿಯೂ ಮನಸ್ಸಿನ ಗುಟ್ಟು ಹೊರಬೀಳುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಬೀಳ್ಕೊಡುವವರೆಗೂ ಆತನು ಹೊರಡುವಂತಿಲ್ಲ. ತನ್ನನ್ನು ಏಕೆ ತಡೆದಿಟ್ಟಿದ್ದಾರೆಂದು ಊಹಿಸುತ್ತ ಕಾದಿರಬೇಕು. ರಾಯಭಾರವೆಂಬುದು ಬಹುಮಟ್ಟಿಗೆ ಕಾಯುವ ಕೆಲಸವೆಂಬ ಸತ್ಯವು ಈ ನಿಯಮಗಳಲ್ಲಿ ಅಡಗಿದೆ.

ಆದರೆ ಕಾಯುವುದರಲ್ಲಿಯೂ ಎರಡು ಬಗೆಯುಂಟು. ಪರರ ಊರಿನಲ್ಲಿ ಮನೆ ಮಾಡಿ, ಅಲ್ಲಿಯ ಮಳೆ ಬಿಸಿಲುಗಳನ್ನು ಕಂಡು, ಅಲ್ಲಿಯ ಮಂತ್ರಿಗಳು ಏರುವುದನ್ನೂ ಬೀಳುವುದನ್ನೂ ನೋಡುತ್ತ ಕಾಯುವುದು ಒಂದು. ಉಡುಗೊರೆಗಳನ್ನು ಹೊತ್ತು ದೂರದಿಂದ ಬಂದು, ಸಮ್ಮುಖವನ್ನು ಬೇಡಿ, ಛತ್ರದಲ್ಲಿ ದಿನವೆಣಿಸುತ್ತ ಕಾಯುವುದು ಇನ್ನೊಂದು. ಯೂರೋಪಿನ ರಾಜ್ಯಗಳು ಹದಿನೈದನೆಯ ಶತಮಾನದ ಇಟಲಿಯಿಂದ ಮೊದಲಿನ ಪದ್ಧತಿಯನ್ನು ಕಲಿತು ಬೆಳೆಸಿಕೊಂಡಿದ್ದುವು. ಭಾರತದ ರಾಜ್ಯಗಳೂ ತಮ್ಮ ನೆರೆಹೊರೆಯಲ್ಲಿ ಅದನ್ನು ಬಲ್ಲವಾಗಿದ್ದುವು. ಆದರೆ ಸಮುದ್ರದಾಚೆಗೆ ಹೋಗುವಾಗ ಎರಡನೆಯ ಪದ್ಧತಿಯೇ ಉಳಿದುಕೊಂಡಿತು. ತುರ್ಕರ ಮಹಾಸಾಮ್ರಾಜ್ಯವು ಕೂಡ 1793ರಲ್ಲಿ ಲಂಡನ್ನಿಗೆ ಕಳುಹಿಸುವವರೆಗೆ ಹೊರದೇಶದಲ್ಲಿ ನೆಲೆಯಾದ ರಾಯಭಾರಿಯನ್ನು ಇಟ್ಟಿರಲಿಲ್ಲ. ಈ ಎರಡು ಬಗೆಗಳ ಭೇದವು ಒಂದು ರಾಜ್ಯದ ಅಳಿವು ಉಳಿವುಗಳನ್ನು ಹೇಗೆ ಮುಟ್ಟಬಲ್ಲುದೆಂಬುದಕ್ಕೆ ಟಿಪ್ಪೂ ಸುಲ್ತಾನನ ವಕೀಲರ ಕಥೆಯೇ ಸಾಕ್ಷಿ.

1784ರ ಮಾರ್ಚಿ ತಿಂಗಳಿನಲ್ಲಿ ಮಂಗಳೂರಿನ ಸಂಧಿಯಾಯಿತು. ಎರಡನೆಯ ಮೈಸೂರು ಯುದ್ಧವು ಮುಗಿದರೂ ಇಂಗ್ಲೀಷರ ವೈರವು ಮುಗಿಯಲಿಲ್ಲವೆಂಬುದನ್ನು ಸುಲ್ತಾನನು ಅರಿತಿದ್ದನು. ಮರಾಟರೂ ನಿಜಾಮನೂ ಮಿತ್ರರಲ್ಲ. ಹೀಗಾಗಿ ಆತನ ದೃಷ್ಟಿಯು ಸಮುದ್ರದಾಚೆಗೆ ಹರಿಯಿತು. ಮೊದಲು ಹರಿದುದು ಹತ್ತಿರದ ಮಸ್ಕತ್ತಿಗೆ.

ಮಸ್ಕತ್ತಿನೊಡನೆ ಕನ್ನಡ ಕರಾವಳಿಯ ಸಂಬಂಧವು ಹಳೆಯದು. ಅರಬಸ್ಥಾನದ ಆ ಬಂಜರು ತೀರಕ್ಕೆ ಮಂಗಳೂರಿನ ಅಕ್ಕಿ ಹೋಗಬೇಕಾಗಿದ್ದಿತು. ಅಲ್ಲಿಂದ ಕುದುರೆಗಳೂ ಖರ್ಜೂರವೂ ಬರುತ್ತಿದ್ದುವು. ಮಸ್ಕತ್ತಿನಲ್ಲಿ ಮೈಸೂರು ಸರಕಾರದ ಒಂದು ಕೋಠಿಯಿದ್ದಿತು. ಮೀರ್ ಕಾಸಿಂ ಎಂಬ ದರೋಗನು ಅದರ ಮೇಲ್ವಿಚಾರಕ. ಆತನಿಗೆ ಸುಲ್ತಾನನು ಬರೆಯಿಸಿದ ಕಾಗದಗಳಲ್ಲಿ ಕೆಲವು 1811ರಲ್ಲಿ ಕರ್ನಲ್ ಕರ್ಕ್‌ಪ್ಯಾಟ್ರಿಕ್ಕನು ಇಂಗ್ಲೀಷಿಗೆ ತಿರುಗಿಸಿ ಅಚ್ಚು ಮಾಡಿಸಿದ ಸಂಗ್ರಹದಲ್ಲಿವೆ. ಅವುಗಳನ್ನು ಓದಿದವರಿಗೆ ಪರದೇಶದಲ್ಲಿದ್ದ ಒಬ್ಬ ಅಧಿಕಾರಿಯ ದಿನಚರಿಯು ಕಣ್ಣಿಗೆ ಕಟ್ಟುತ್ತದೆ. ಗಂಧದ ಮರವನ್ನೂ ಮೆಣಸನ್ನೂ ಯಾವ ಧಾರಣೆಗೆ ಮಾರಬೇಕು, ಧಾರಣೆ ಇಳಿದಿದ್ದರೆ ಎಷ್ಟು ಕಾಲ ದಾಸ್ತಾನಿನಲ್ಲಿಟ್ಟು ಕಾಯಬೇಕು ಎಂಬುದು ಒಂದು ಕಡೆ. ರೇಷ್ಮೆಯ ಹುಳುಗಳನ್ನೂ ಅವನ್ನು ಸಾಕಬಲ್ಲ ಜನರನ್ನೂ ಹುಡುಕಿ ಕಳುಹಿಸು, ಕೇಸರಿಯ ಬೀಜವನ್ನು ಕಳುಹಿಸು, ಹಡಗು ಕಟ್ಟುವ ಬಡಗಿಗಳನ್ನು ಕಳುಹಿಸು ಎಂಬ ಆಜ್ಞೆಗಳು ಇನ್ನೊಂದು ಕಡೆ.

ದರೋಗನ ಹುದ್ದೆಯಲ್ಲಿ ರಾಜಪ್ರತಿನಿಧಿಯೂ ವರ್ತಕನೂ ಸುದ್ದಿಗಾರನೂ ಒಬ್ಬನೇ ಆಗಿದ್ದನು. ಆತನು ಬಂದರಿನ ಸುಂಕದ ಕಟ್ಟೆಯಲ್ಲಿ ಚೌಕಾಶಿ ಮಾಡಬೇಕು; ಇಮಾಮನ ಕಡೆಯವರೊಡನೆ ಸ್ನೇಹವನ್ನು ಕಾಪಾಡಿಕೊಳ್ಳಬೇಕು; ಯಾವ ದೇಶದ ಹಡಗು ಬಂದಿತು, ಏನನ್ನು ಇಳಿಸಿತು ಎಂಬುದನ್ನು ಗಮನಿಸಬೇಕು; ಲೆಕ್ಕ ತಪ್ಪಿದರೆ ಸುಲ್ತಾನನ ಕೋಪಕ್ಕೆ ಗುರಿಯಾಗಬೇಕು. ಆತನ ಹೆಸರಿನಲ್ಲಿ ಯಾವ ಸಂಧಿಯೂ ಆಗಲಿಲ್ಲ, ಆತನ ಚಿತ್ರವನ್ನು ಯಾರೂ ಬರೆಯಲಿಲ್ಲ. ಆದರೂ ಸರಕು ಮಾರಿತು, ಸ್ನೇಹ ಉಳಿಯಿತು, ಸುದ್ದಿ ಬಂದಿತು. ಮೈಸೂರು ಸೀಮೆಯ ರೇಷ್ಮೆ ವ್ಯವಸಾಯದ ಆರಂಭವನ್ನು ಹೇಳುವವರು ಇಂದಿಗೂ ಟಿಪ್ಪುವಿನ ಇಂತಹ ಕಾಗದಗಳನ್ನು ನೆನೆಯುತ್ತಾರೆ.

ಇಷ್ಟರಿಂದ ಸುಲ್ತಾನನಿಗೆ ತೃಪ್ತಿಯಾಗಲಿಲ್ಲ. ದೆಹಲಿಯ ಬಾದಶಹನ ಹೆಸರು ಇನ್ನೂ ನಾಣ್ಯಗಳಲ್ಲಿ ನಡೆಯುತ್ತಿದ್ದ ಕಾಲದಲ್ಲಿ ತನ್ನ ಸಿಂಹಾಸನಕ್ಕೆ ಸ್ವತಂತ್ರವಾದ ಮನ್ನಣೆ ಬೇಕಾಗಿದ್ದಿತು. ಅದನ್ನು ಕೊಡಬಲ್ಲವನು ಖಲೀಫನೆನಿಸಿಕೊಂಡ ತುರ್ಕಿಯ ಸುಲ್ತಾನನೆಂದು ಆತನು ಭಾವಿಸಿದನು. ಕಾನ್‌ಸ್ಟಾಂಟಿನೋಪಲ್ ಪಟ್ಟಣವನ್ನು, ಎಂದರೆ ಇಂದಿನ ಇಸ್ತಾಂಬುಲನ್ನು, ಅಂದಿನವರು ರೂಮಿನ ರಾಜಧಾನಿಯೆಂದು ಕರೆಯುತ್ತಿದ್ದರು. ಆ ದರ್ಬಾರಿಗೆ ಹೋಗತಕ್ಕವರೆಂದು ಗುಲಾಂ ಅಲಿ ಖಾನ್, ನೂರುಲ್ಲಾ ಖಾನ್, ಲುತ್ಫ್ ಅಲಿ ಖಾನ್, ಜಾಫರ್ ಖಾನ್ ಎಂಬ ನಾಲ್ವರು ನೇಮಕವಾದರು. ಖ್ವಾಜಾ ಅಬ್ದುಲ್ ಕಾದಿರನು ಅವರ ಮುನಷಿ. 1785ರ ನವೆಂಬರಿನಲ್ಲಿ ಶ್ರೀರಂಗಪಟ್ಟಣವನ್ನು ಬಿಟ್ಟ ಈ ಪರಿವಾರವು ಘಟ್ಟವನ್ನಿಳಿದು, ಅಘನಾಶಿನಿಯು ಕಡಲನ್ನು ಸೇರುವಲ್ಲಿರುವ ತದಡಿಯ ಬಂದರಿನಲ್ಲಿ 1786ರ ಮಾರ್ಚಿಯಲ್ಲಿ ನಾಲ್ಕು ಹಡಗುಗಳನ್ನೇರಿತು. ಒಟ್ಟು ಸುಮಾರು 900 ಮಂದಿ. ಸಿಪಾಯಿಗಳು, ಅಡಿಗೆಯವರು, ಪರಿಚಾರಕರು, ಖಲಾಸಿಗಳು ಎಲ್ಲರೂ ಆ ಎಣಿಕೆಯಲ್ಲಿ ಸೇರಿದ್ದರು. ಇವರೊಡನೆ ಆನೆಗಳೂ ನಾಲ್ಕು.

ಇಷ್ಟು ಜನರ ಹೊಟ್ಟೆಗೆ ಏನು ಗತಿ? ಅಂದಿನ ರಾಯಭಾರದ ಮೊದಲನೆಯ ಪ್ರಶ್ನೆಯೇ ಇದು. ಪರದೇಶದಲ್ಲಿ ಹೊನ್ನು ಹಣಗಳು ಹೋದಲ್ಲೆಲ್ಲ ನಡೆಯುವುದಿಲ್ಲ. ಹುಂಡಿಯು ಎಲ್ಲ ಕಡೆಯೂ ಸಲ್ಲುವುದಿಲ್ಲ. ಆದಕಾರಣ ಹಡಗುಗಳಲ್ಲಿ ಗಂಧ, ಮೆಣಸು, ಏಲಕ್ಕಿ, ಬಟ್ಟೆಗಳನ್ನು ತುಂಬಿದ್ದರು. ಇವುಗಳನ್ನು ದಾರಿಯ ಬಂದರುಗಳಲ್ಲಿ ಮಾರಿ ಖರ್ಚನ್ನು ನಡೆಸಬೇಕು. ಆನೆಗಳಲ್ಲಿಯೂ ಒಂದು ಮಾರಾಟಕ್ಕೆಂದೇ ಹೊರಟಿದ್ದಿತು. ರಾಜಸಭೆಯಲ್ಲಿ ಖಲೀಫನಿಗೆ ಕೈಮುಗಿಯಬೇಕಾದವರು ಮಸ್ಕತ್ತಿನ ಪೇಟೆಯಲ್ಲಿ ದಲ್ಲಾಳಿಯೊಡನೆ ಕುಳಿತು ಏಲಕ್ಕಿಯ ತೂಕವನ್ನು ನೋಡಬೇಕಾಯಿತು. ಇದನ್ನು ಹೀನಾಯವೆಂದು ಯಾರೂ ಎಣಿಸಲಿಲ್ಲ. ವ್ಯಾಪಾರವೂ ಅವರಿಗೆ ವಿಧಿಸಿದ ಕಾರ್ಯದ ಒಂದು ಅಂಗವೇ ಆಗಿದ್ದಿತು. ತುರ್ಕಿಯ ರಾಜ್ಯದಲ್ಲಿ ವ್ಯಾಪಾರದ ಸೌಲಭ್ಯಗಳನ್ನು ಪಡೆಯಬೇಕು, ಬಸ್ರಾ ಬಂದರನ್ನು ಗುತ್ತಿಗೆಗೆ ಕೇಳಬೇಕು, ಕೋವಿ, ಗಾಜು, ಪಿಂಗಾಣಿ, ಗಡಿಯಾರಗಳನ್ನು ಮಾಡಬಲ್ಲ ಕುಶಲಿಗಳನ್ನು ಕರೆತರಬೇಕು ಎಂದು ಸುಲ್ತಾನನು ಅವರಿಗೆ ನಿರೂಪವನ್ನು ಕೊಟ್ಟಿದ್ದನು.

ಪ್ರಯಾಣದ ದಿನಗಳನ್ನು ಅಬ್ದುಲ್ ಕಾದಿರನು ಪಾರಸಿಯಲ್ಲಿ ಬರೆದಿಟ್ಟನು. ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಉಳಿದಿದ್ದ ಆ ದಿನಚರಿಯನ್ನು 1968ರಲ್ಲಿ ಇತಿಹಾಸಜ್ಞ ಮೊಹಿಬ್ಬುಲ್ ಹಸನ್ ಅವರು ಸಂಪಾದಿಸಿ ಪ್ರಕಟಿಸಿದರು. ರಾಜಕಾರ್ಯದ ಗಹನ ವಿಚಾರಗಳನ್ನು ಹುಡುಕುವವರಿಗೆ ಅದು ನಿರಾಶೆಯನ್ನು ತರಬಹುದು. ಹಡಗು ಎಲ್ಲಿ ಲಂಗರು ಹಾಕಿತು, ಯಾರು ಭೇಟಿಗೆ ಬಂದರು, ಯಾವ ಸರಕು ಎಷ್ಟಕ್ಕೆ ಹೋಯಿತು, ಯಾರು ಕಾಯಿಲೆ ಬಿದ್ದರು ಎಂಬುದೇ ಅದರ ಸಾಮಾನ್ಯ ವಿಷಯ. ಆದರೆ ರಾಯಭಾರಿಗಳ ಜೀವನವು ನಿಜವಾಗಿ ಇಂತಹುದೇ ಆಗಿದ್ದಿತು. ಇತಿಹಾಸವು ಸಮ್ಮುಖದ ಒಂದು ಗಳಿಗೆಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಆ ಗಳಿಗೆಗೆ ಮುಂಚೆ ಕಳೆದ ನೂರಾರು ದಿನಗಳನ್ನು ಮುನಷಿಯೊಬ್ಬನು ನೆನಪಿನಲ್ಲಿಟ್ಟನು.

ಆ ದಿನಗಳು ಸುಖದವಲ್ಲ. ಮಸ್ಕತ್ತಿನಿಂದ ಪರ್ಷಿಯಾದ ಬುಶೀರಿಗೆ, ಅಲ್ಲಿಂದ ಬಸ್ರಾಕ್ಕೆ ಸಾಗುವ ಹೊತ್ತಿಗೆ ಬೇಸಗೆಯು ಕಳೆದಿದ್ದಿತು. ಹೊರಟ ಹಡಗುಗಳೆಲ್ಲವೂ ಉಳಿಯಲಿಲ್ಲ. ಬೆಂಕಿಯೂ ನೀರೂ ತಮ್ಮ ಪಾಲನ್ನು ತೆಗೆದುಕೊಂಡುವು. ಜನರೂ ಸರಕೂ ಕಡಲಿಗೆ ಹೋದುವು. ಖಲೀಫನಿಗೆಂದು ತಂದ ಆನೆಯು ಆತನ ರಾಜಧಾನಿಯನ್ನು ಕಾಣಲಿಲ್ಲ. ಬಸ್ರಾದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಬಾಗ್ದಾದಿನ ಪಾಷನ ಅನುಮತಿಯಿಲ್ಲದೆ ಮುಂದೆ ಹೆಜ್ಜೆಯಿಡುವಂತಿರಲಿಲ್ಲ. ಬಳಿಕ ಬಾಗ್ದಾದಿಗೆ ಹೋಗಿ, ಅಲ್ಲಿಂದ ಭೂಮಾರ್ಗವಾಗಿ ಸಾಗಿ, 1787ರ ಸೆಪ್ಟೆಂಬರಿನಲ್ಲಿ, ಎಂದರೆ ತದಡಿಯನ್ನು ಬಿಟ್ಟ ಒಂದೂವರೆ ವರ್ಷದ ಮೇಲೆ, ವಕೀಲರು ಇಸ್ತಾಂಬುಲನ್ನು ಸೇರಿದರು.

ಅವರು ಹೊತ್ತು ತಂದ ನಿರೂಪವು ಅಷ್ಟರಲ್ಲಿ ಹಳತಾಗಿದ್ದಿತು. ಅವರು ದಾರಿಯಲ್ಲಿದ್ದಾಗಲೇ ಮರಾಟರೂ ನಿಜಾಮನೂ ಮೈಸೂರಿನ ಮೇಲೆ ಯುದ್ಧವನ್ನು ಹೂಡಿ, ಗಜೇಂದ್ರಗಡದಲ್ಲಿ ಸಂಧಿಯನ್ನೂ ಮಾಡಿಕೊಂಡಿದ್ದರು. ಇಸ್ತಾಂಬುಲಿನಿಂದ ಪ್ಯಾರಿಸಿಗೂ ಲಂಡನ್ನಿಗೂ ಹೋಗಬೇಕೆಂದು ಇವರಿಗೆ ಮೊದಲು ಆಜ್ಞೆಯಾಗಿದ್ದಿತು. ಸುಲ್ತಾನನು ಮನಸ್ಸನ್ನು ಬದಲಿಸಿ ಪ್ಯಾರಿಸಿಗೆ ಬೇರೆಯೇ ವಕೀಲರನ್ನು ಕಳುಹಿಸಿಬಿಟ್ಟಿದ್ದನು. ಇತ್ತ ತುರ್ಕಿಯ ಸ್ಥಿತಿಯೂ ಮಾರ್ಪಟ್ಟಿದ್ದಿತು. 1787ರ ಆಗಸ್ಟಿನಲ್ಲಿ, ಇವರು ಊರು ಮುಟ್ಟುವುದಕ್ಕೆ ಕೆಲವೇ ವಾರಗಳ ಮುನ್ನ, ತುರ್ಕರು ರಷ್ಯದ ಮೇಲೆ ಯುದ್ಧವನ್ನು ಸಾರಿದ್ದರು. ಸೈನ್ಯದ ನೆರವನ್ನು ಬೇಡಲು ಬಂದವರಿಗೆ ಎದುರಾದವನು ತಾನೇ ನೆರವನ್ನು ಹುಡುಕುತ್ತಿದ್ದ ಸುಲ್ತಾನ. ಪರಿಮಿತಾರ್ಥನಾದ ದೂತನ ಸಂಕಟವು ಇಲ್ಲಿದೆ. ಮಾಡಿದ ಅಪ್ಪಣೆಯು ಎರಡು ವರ್ಷದ ಹಿಂದಿನದು. ಎದುರಿಗಿರುವ ಲೋಕವು ಇಂದಿನದು. ಹೊಸ ಅಪ್ಪಣೆಯನ್ನು ತರಿಸೋಣವೆಂದರೆ ದಾರಿಯೇ ಮತ್ತೊಂದು ವರ್ಷ.

ಅಬ್ದುಲ್ ಹಮೀದ್ ಸುಲ್ತಾನನು ದೂರದ ಅತಿಥಿಗಳನ್ನು ಮರ್ಯಾದೆಯಿಂದ ಬರಮಾಡಿಕೊಂಡನು. ಸಮ್ಮುಖವಾಯಿತು, ಉಡುಗೊರೆಗಳು ಸಂದುವು. ಮಾತು ಮಾತ್ರ ಮುಂದೆ ಸಾಗಲಿಲ್ಲ. ಬಂದರಿನ ಗುತ್ತಿಗೆಯ ವಿಚಾರವೂ ಸೈನ್ಯದ ವಿಚಾರವೂ ಸೌಜನ್ಯದ ಉತ್ತರಗಳಲ್ಲಿ ಕರಗಿಹೋದುವು. ಅಷ್ಟರಲ್ಲಿ ಚಳಿಗಾಲವು ಬಂದಿತು. ಕಾವೇರಿಯ ದಡದ ಜನರು ಹಿಮ ಬೀಳುವ ಊರಿನಲ್ಲಿ ಬಿಡಾರ ಮಾಡಬೇಕಾಯಿತು. ಅಲ್ಲಿ ಪ್ಲೇಗಿನ ಮಾರಿಯೂ ಇದ್ದಿತು. ಪರಿವಾರದವರು ಒಬ್ಬರ ಹಿಂದೆ ಒಬ್ಬರು ಸತ್ತರು. ಬೆಳಗಿನಲ್ಲಿ ವಜೀರನ ಕಚೇರಿಯಿಂದ ಉತ್ತರ ಬಂದಿತೇ ಎಂದು ಕೇಳುವುದು, ಸಂಜೆಯಲ್ಲಿ ಸತ್ತವರನ್ನು ಹೂಳಿಸುವುದು, ನಡುವೆ ಉಳಿದವರ ಊಟಕ್ಕೆ ದುಡ್ಡು ಹೊಂದಿಸುವುದು. ಮನ್ನಣೆಯ ನಿಲುವಂಗಿಯನ್ನು ತೊಟ್ಟ ಆ ಖಾನರ ದಿನಗಳು ಹೀಗೆ ಕಳೆದುವು.

ಅದೇ ಊರಿನ ಇನ್ನೊಂದು ಭಾಗದಲ್ಲಿ ಬೇರೊಬ್ಬ ರಾಯಭಾರಿಯು ವಾಸಿಸುತ್ತಿದ್ದನು. ಇಂಗ್ಲೆಂಡಿನ ಸರ್ ರಾಬರ್ಟ್ ಏನ್‌ಸ್ಲಿಯು 1776ರಿಂದಲೂ ಅಲ್ಲಿದ್ದವನು. ಆತನಿಗೆ ಹಿಮವೂ ಹೊಸದಲ್ಲ, ವಜೀರರೂ ಹೊಸಬರಲ್ಲ. ಸಂಬಳ ತಿನ್ನುವ ದುಭಾಷಿಗಳು ಆತನಿಗಿದ್ದರು. ಪ್ಲೇಗು ಕಾಣಿಸಿಕೊಂಡರೆ ಊರ ಹೊರಗಿನ ಹಳ್ಳಿಗೆ ಹೋಗುವುದು ಅಲ್ಲಿಯ ಯೂರೋಪಿಯನರಿಗೆ ವಾಡಿಕೆಯಾಗಿದ್ದಿತು. ಮೈಸೂರಿನವರ ಚಲನವಲನಗಳನ್ನು ಆತನು ವಿಚಾರಿಸಿ ಲಂಡನ್ನಿಗೆ ಬರೆಯುತ್ತಿದ್ದನು. ಮೈಸೂರಿನವರಿಗೆ ಆತನ ಮನೆಯಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯುವ ಉಪಾಯವಿರಲಿಲ್ಲ. ಪುಣೆಯಲ್ಲಿ ಮೈಸೂರಿನ ವಕೀಲನು ಏನಾಗಿದ್ದನೋ ಇಸ್ತಾಂಬುಲಿನಲ್ಲಿ ಏನ್‌ಸ್ಲಿಯು ಅದಾಗಿದ್ದನು. ಮೈಸೂರಿನವರು ಅಲ್ಲಿ ಕೇವಲ ಅತಿಥಿಗಳು.

1788ರ ಮಾರ್ಚಿಯಲ್ಲಿ ಬೀಳ್ಕೊಡುಗೆಯಾಯಿತು. ಸುಲ್ತಾನನ ಪತ್ರವನ್ನೂ ಉಡುಗೊರೆಗಳನ್ನೂ ಹೊತ್ತುಕೊಂಡು ವಕೀಲರು ಅಲೆಕ್ಸಾಂಡ್ರಿಯ, ಕೈರೋ, ಜಿಡ್ಡಾಗಳ ದಾರಿಯಲ್ಲಿ ಹಿಂದಿರುಗಿದರು. 1789ರ ಕೊನೆಯಲ್ಲಿ ಅವರು ಕಲ್ಲಿಕೋಟೆಯಲ್ಲಿ ಇಳಿದಾಗ ಟಿಪ್ಪುವು ತಿರುವಾಂಕೂರಿನ ಕೋಟೆಸಾಲಿನ ಎದುರಿನಲ್ಲಿದ್ದನು. ಮೂರನೆಯ ಮೈಸೂರು ಯುದ್ಧಕ್ಕೆ ಕಾರಣವಾದ ಮುತ್ತಿಗೆಯು ಅದೇ ಡಿಸೆಂಬರಿನಲ್ಲಿ ನಡೆಯಿತು. ಶಾಂತಿಯ ಕಾಲದಲ್ಲಿ ಹೊರಟವರು ಯುದ್ಧದ ಬಾಗಿಲಿಗೆ ಬಂದಿಳಿದರು. 900 ಮಂದಿಯಲ್ಲಿ ಹಿಂದಕ್ಕೆ ಬಂದವರು ಅತ್ಯಲ್ಪ. ರಾಜಪದವಿಯ ಮನ್ನಣೆ ದೊರೆಯಿತೆಂದು ದರ್ಬಾರು ಸಂತೋಷಪಟ್ಟಿರಬಹುದು. ಬಾರದೆ ಉಳಿದವರ ಹೆಸರುಗಳನ್ನು ಯಾವ ಪತ್ರವೂ ಹೇಳುವುದಿಲ್ಲ.

ಪ್ಯಾರಿಸಿಗೆ ಹೋದವರ ಕಥೆಯು ಇಷ್ಟು ಕರುಣವಲ್ಲ. ಆದರೆ ಅದರ ತಿರುಳು ಬೇರೆಯಲ್ಲ. ಮುಹಮ್ಮದ್ ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಮುಹಮ್ಮದ್ ಉಸ್ಮಾನ್ ಖಾನ್ ಎಂಬ ಮೂವರು 1787ರ ಜುಲೈಯಲ್ಲಿ ಪುದುಚೇರಿಯಿಂದ ಫ್ರೆಂಚರ ಹಡಗನ್ನೇರಿ, ಮಾರಿಷಸ್ಸನ್ನೂ ಆಫ್ರಿಕದ ತುದಿಯನ್ನೂ ಸುತ್ತಿ, 1788ರ ಜೂನಿನಲ್ಲಿ ತೂಲಾನ್ ಬಂದರಿಗೆ ಬಂದರು. ಹನ್ನೊಂದು ತಿಂಗಳ ಪ್ರಯಾಣ. ಜುಲೈಯಲ್ಲಿ ಪ್ಯಾರಿಸನ್ನು ಸೇರಿದಾಗ ಅವರನ್ನು ನೋಡಲು ಜನವು ಕಿಕ್ಕಿರಿಯಿತು. ಅವರ ರುಮಾಲು, ನಿಲುವಂಗಿ, ನಡಿಗೆ ಎಲ್ಲವೂ ಪಟ್ಟಣದ ಮಾತಾದುವು. ರಾಜಕಾರ್ಯಕ್ಕೆ ಬಂದವರು ಊರಿಗೆ ಒಂದು ನೋಟವಾದರು.

ಅವರ ಬಿಡಾರದ ಒಳಗನ್ನು ಕಂಡು ಬರೆದವಳು ಪ್ರಸಿದ್ಧ ಚಿತ್ರಗಾರ್ತಿ ವಿಜೀ ಲ ಬ್ರನ್. ದರ್ವೇಶ್ ಖಾನನ ಆಳೆತ್ತರದ ಚಿತ್ರವನ್ನು ಆಕೆಯು ಬರೆದಳು. ಹೊಂಬಣ್ಣದ ಹೂಗಳ ಬಿಳಿಯ ಮಸ್ಲಿನ್ ಉಡುಪು, ಕತ್ತಿಯ ಮೇಲೆ ಕೈ, ನೇರವಾದ ನೋಟ. ಆಕೆಯ ಆತ್ಮಕಥೆಯ ಪ್ರಕಾರ ಖಾನರು ಆಕೆಯನ್ನು ಊಟಕ್ಕೆ ಕರೆದು, ಕೈಗೆ ಪನ್ನೀರನ್ನು ಹಾಕಿಸಿ, ನೆಲದ ಮೇಲೆ ಕುಳ್ಳಿರಿಸಿ, ತಮ್ಮ ಪದ್ಧತಿಯಂತೆ ಕೈಯಿಂದಲೇ ಬಡಿಸಿ ಉಪಚರಿಸಿದರು. ಪ್ಯಾರಿಸಿನ ನಡುವೆ ಒಂದು ಕೋಣೆಯಷ್ಟು ಜಾಗದಲ್ಲಿ ಶ್ರೀರಂಗಪಟ್ಟಣದ ಮನೆಯಿದ್ದಿತು. ಚಿತ್ರವು ಮುಗಿದ ಮೇಲೆ ದರ್ವೇಶ್ ಖಾನನು ಅದನ್ನು ಕೊಡಲೊಲ್ಲದೆ ಮಂಚದ ಹಿಂದೆ ಬಚ್ಚಿಟ್ಟನಂತೆ. ಆಕೆಯು ಸೇವಕನ ಮೂಲಕ ಅದನ್ನು ಹೊರಕ್ಕೆ ತರಿಸಿಕೊಳ್ಳಲು ಖಾನನು ಆ ಸೇವಕನನ್ನು ಕೊಲ್ಲಹೊರಟನಂತೆ. ಸೇವಕರನ್ನು ಕೊಲ್ಲುವುದು ಈ ಊರಿನ ಪದ್ಧತಿಯಲ್ಲವೆಂದು ದುಭಾಷಿಯು ತಿಳಿಹೇಳಿ, ಚಿತ್ರವನ್ನು ಕೇಳಿದವನು ಅರಸನೆಂದು ಒಂದು ಸುಳ್ಳನ್ನೂ ಸೇರಿಸಿ ಸಮಾಧಾನ ಮಾಡಿದನಂತೆ. ಕಥೆಯಲ್ಲಿ ಎಷ್ಟು ಬಣ್ಣವಿದೆಯೋ, ಚಿತ್ರವಂತೂ ನಿಜ. ಅದು 1789ರ ಪ್ಯಾರಿಸಿನ ಚಿತ್ರಪ್ರದರ್ಶನದಲ್ಲಿ ತೂಗಿದ್ದಿತು. 2019ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 70 ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಾಟವಾಯಿತು.

1788ರ ಆಗಸ್ಟ್ 10ರಂದು ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯು ವಕೀಲರನ್ನು ವೈಭವದಿಂದ ಬರಮಾಡಿಕೊಂಡನು. ಆ ವೈಭವದ ಹಿಂದೆ ಏನಿದ್ದಿತೆಂಬುದನ್ನು ಎರಡು ತಾರೀಖುಗಳು ಹೇಳುತ್ತವೆ. ಎರಡು ದಿನ ಮುಂಚೆ, ಆಗಸ್ಟ್ 8ರಂದು, ಹಣಕ್ಕೆ ಬೇರೆ ದಾರಿಗಾಣದೆ ಮಹಾಜನಸಭೆಯನ್ನು ಮರುವರ್ಷ ಕರೆಯುವುದಾಗಿ ಅರಸನ ಸರಕಾರವು ಗೊತ್ತುಮಾಡಿದ್ದಿತು. ಆರು ದಿನಗಳ ಮೇಲೆ, ಆಗಸ್ಟ್ 16ರಂದು, ಬೊಕ್ಕಸವು ಹಣವನ್ನು ಸಲ್ಲಿಸುವುದನ್ನೇ ನಿಲ್ಲಿಸಿತು. ಇಂಗ್ಲೀಷರ ವಿರುದ್ಧ ಸೈನ್ಯವನ್ನು ಕಳುಹಿಸಬೇಕೆಂದು ಬೇಡಿದವರು ದಿವಾಳಿಯಾದ ಮನೆಯ ಮುಂದೆ ನಿಂತಿದ್ದರು. ಅದನ್ನು ಮೊದಲೇ ತಿಳಿಸಬಲ್ಲ ಮೈಸೂರಿನವನು ಪ್ಯಾರಿಸಿನಲ್ಲಿ ಯಾವನೂ ಇರಲಿಲ್ಲ. ಅಲ್ಲಿ ಎರಡು ವರ್ಷ ಬಾಳಿ, ರೊಟ್ಟಿಯ ಬೆಲೆಯನ್ನೂ ಸಾಹುಕಾರರ ಮುಖವನ್ನೂ ನೋಡಿದವನಿಗೆ ಇದು ಗುಟ್ಟಾಗಿರುತ್ತಿರಲಿಲ್ಲ. ಸೆವ್ರ್ ಕಾರ್ಖಾನೆಯ ಪಿಂಗಾಣಿಯನ್ನೂ ಬೀಜಗಳನ್ನೂ ಕೆಲವು ಕುಶಲಕರ್ಮಿಗಳನ್ನೂ ಸಂಪಾದಿಸಿ, ನವೆಂಬರಿನಲ್ಲಿ ವಕೀಲರು ಬ್ರೆಸ್ಟ್ ಬಂದರಿನಿಂದ ಹೊರಟು, 1789ರ ಮೇ ತಿಂಗಳಲ್ಲಿ ಪುದುಚೇರಿಯನ್ನು ಮುಟ್ಟಿದರು. ಸುಲ್ತಾನನಿಗೆ ಸಂತೋಷವಾಗಲಿಲ್ಲ.

ಮೂರನೆಯ ಪ್ರಯತ್ನವು ಎಲ್ಲಕ್ಕಿಂತ ಚಿಕ್ಕದು. ಎಲ್ಲಕ್ಕಿಂತ ಹಾನಿಕರವಾದುದೂ ಅದೇ. 1792ರ ಸಂಧಿಯಲ್ಲಿ ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದ ಟಿಪ್ಪುವು 1797ರಲ್ಲಿ ಫ್ರೆಂಚರ ಮಾರಿಷಸ್ಸಿಗೆ ಇಬ್ಬರನ್ನು ಗುಟ್ಟಾಗಿ ಕಳುಹಿಸಿದನು. ಅವರ ಬರವು ಯಾರಿಗೂ ತಿಳಿಯಬಾರದೆಂಬುದು ಆತನ ಇಚ್ಛೆ. ಆದರೆ 1798ರ ಜನವರಿಯಲ್ಲಿ ಗವರ್ನರ್ ಮಲಾರ್ತಿಕನು ಅವರನ್ನು ಬಹಿರಂಗವಾದ ಮರ್ಯಾದೆಗಳಿಂದ ಎದುರುಗೊಂಡನು. ಟಿಪ್ಪುವಿನ ಪರವಾಗಿ ಇಂಗ್ಲೀಷರೊಡನೆ ಹೋರಾಡಲು ಇಚ್ಛೆಯುಳ್ಳವರು ಮುಂದೆ ಬರಬೇಕೆಂದು ಘೋಷಣೆಯನ್ನೂ ಹೊರಡಿಸಿದನು. ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಬಂದಿಳಿದವರು ನೂರು ಮಂದಿಗೆ ಮೀರಲಿಲ್ಲ. ಘೋಷಣೆಯ ಪ್ರತಿಯು ಮಾತ್ರ ಜೂನಿನಲ್ಲಿ ಕಲಕತ್ತೆಯನ್ನು ಮುಟ್ಟಿ, ಹೊಸದಾಗಿ ಬಂದಿದ್ದ ಗವರ್ನರ್ ಜನರಲ್ ಲಾರ್ಡ್ ಮಾರ್ನಿಂಗ್‌ಟನ್ನನಿಗೆ, ಮುಂದೆ ವೆಲ್ಲೆಸ್ಲಿಯೆನಿಸಿಕೊಂಡವನಿಗೆ, ಯುದ್ಧದ ನೆಪವನ್ನು ಒದಗಿಸಿತು. ಗುಟ್ಟನ್ನು ಕಾಯುವುದು ದೂತನ ಮೊದಲನೆಯ ಪಾಠ. ಅದನ್ನು ಇಲ್ಲಿ ಮುರಿದವನು ಬರಮಾಡಿಕೊಂಡವನು. ದಂಡ ತೆತ್ತವನು ಕಳುಹಿಸಿದವನು.

ಇನ್ನು ಈ ಕಥೆಯ ಕೊನೆಯ ಕಾಗದ. 1798ರ ಜುಲೈಯಲ್ಲಿ ನೆಪೋಲಿಯನ್ನನು ಈಜಿಪ್ಟಿನಲ್ಲಿಳಿದನು. ಈಜಿಪ್ಟು ತುರ್ಕರ ರಾಜ್ಯ. ಆದುದರಿಂದ ಫ್ರೆಂಚರು ಅವರಿಗೆ ಶತ್ರುಗಳಾದರು, ಇಂಗ್ಲೀಷರು ಮಿತ್ರರಾದರು. ಇಸ್ತಾಂಬುಲಿನಲ್ಲಿ ಏನ್‌ಸ್ಲಿಯ ಕಾಲವು ಮುಗಿದಿದ್ದರೂ ಇಂಗ್ಲೀಷರ ಮನೆಯ ದೀಪವು ಆರಿರಲಿಲ್ಲ. ಸ್ಪೆನ್ಸರ್ ಸ್ಮಿತ್ತನು ಅಲ್ಲಿದ್ದನು. ಅವರ ಪ್ರೇರಣೆಯಿಂದ ಮೂರನೆಯ ಸಲೀಂ ಸುಲ್ತಾನನು ಸೆಪ್ಟೆಂಬರಿನಲ್ಲಿ ಟಿಪ್ಪುವಿಗೆ ಒಂದು ಪತ್ರವನ್ನು ಬರೆದನು. ಫ್ರೆಂಚರ ಮಾತನ್ನು ನಂಬಬೇಡ, ಇಂಗ್ಲೀಷರೊಡನೆ ವೈರವನ್ನು ಬಿಡು ಎಂಬುದು ಅದರ ಸಾರಾಂಶ. ಆ ಪತ್ರವು ತುರ್ಕರ ದೂತನ ಕೈಯಲ್ಲಿ ಬರಲಿಲ್ಲ. ಇಂಗ್ಲೀಷರ ಅಂಚೆಯಲ್ಲಿ ಬಂದು, 1799ರ ಜನವರಿಯಲ್ಲಿ ಲಾರ್ಡ್ ಮಾರ್ನಿಂಗ್‌ಟನ್ನನ ಮೂಲಕ ಶ್ರೀರಂಗಪಟ್ಟಣಕ್ಕೆ ಹೊರಟಿತು. ನಾಲ್ಕು ಹಡಗುಗಳನ್ನೂ ನೂರಾರು ಪ್ರಾಣಗಳನ್ನೂ ತೆತ್ತು ಯಾವ ದರ್ಬಾರಿನ ಸ್ನೇಹವನ್ನು ಮೈಸೂರು ಬೇಡಿದ್ದಿತೋ, ಆ ದರ್ಬಾರಿನ ಮಾತು ಶತ್ರುವಿನ ಲಕೋಟೆಯಲ್ಲಿ ಮರಳಿ ಬಂದಿತು. ಮೇ 4ರಂದು ಕೋಟೆಯು ಬಿದ್ದಿತು, ಸುಲ್ತಾನನು ಮಡಿದನು.

ಇಸ್ತಾಂಬುಲಿನಲ್ಲಿ ಮೈಸೂರಿನ ವಕೀಲನೊಬ್ಬನು ನೆಲೆಯಾಗಿದ್ದಿದ್ದರೆ ಶ್ರೀರಂಗಪಟ್ಟಣವು ಉಳಿಯುತ್ತಿದ್ದಿತೆಂದು ಹೇಳುವುದು ಅವಿವೇಕ. ಇಂಗ್ಲೀಷರಿಗೆ ನೌಕಾಬಲವಿದ್ದಿತು, ಹಣವಿದ್ದಿತು, ಮೈಸೂರಿನ ನೆರೆಯವರೇ ಅವರ ಜೊತೆಗಿದ್ದರು. ಟಿಪ್ಪುವಿನ ರಾಯಭಾರಗಳನ್ನು ಕೆಲವರು ಹುಚ್ಚು ಸಾಹಸವೆಂದು ಹಳಿದಿದ್ದಾರೆ. ಕೆಲವರು ದೂರದೃಷ್ಟಿಯೆಂದು ಹೊಗಳಿದ್ದಾರೆ. ಎರಡೂ ಮಾತುಗಳು ಸಿಂಹಾಸನದ ಕಡೆಯಿಂದ ನೋಡಿದವು. ಬಿಡಾರದ ಕಡೆಯಿಂದ ನೋಡಿದರೆ ತೋರುವುದು ಬೇರೆ. ದೊಡ್ಡ ರಾಯಭಾರಗಳು ಸಮ್ಮುಖದ ಒಂದು ದಿನಕ್ಕಾಗಿ ಸಕಲವನ್ನೂ ಪಣಕ್ಕಿಟ್ಟುವು. ಆ ದಿನವು ಮುಗಿಯುತ್ತಲೇ ಅವುಗಳ ಬಲವೂ ಮುಗಿಯಿತು. ಮಸ್ಕತ್ತಿನ ಕೋಠಿಯು ಯಾವ ಒಂದು ದಿನವನ್ನೂ ನೆಚ್ಚಿಕೊಂಡಿರಲಿಲ್ಲ. ಅಲ್ಲಿ ಮೀರ್ ಕಾಸಿಮನು ಬೆಳಗೆದ್ದು ಬಂದರಿಗೆ ಹೋದನು, ಧಾರಣೆಯನ್ನು ಕೇಳಿದನು, ಸಂಜೆ ಕಾಗದ ಬರೆದನು, ಮರುದಿನವೂ ಹಾಗೆಯೇ ಮಾಡಿದನು. ಏನ್‌ಸ್ಲಿಯ ಕೆಲಸವೂ ಬಹುಮಟ್ಟಿಗೆ ಅಷ್ಟೇ ಆಗಿದ್ದಿತು.

ಇಂದು ಇಸ್ತಾಂಬುಲಿನಲ್ಲಿಯೂ ಪ್ಯಾರಿಸಿನಲ್ಲಿಯೂ ಮಸ್ಕತ್ತಿನಲ್ಲಿಯೂ ಭಾರತದ ಕಚೇರಿಗಳಿವೆ. ಅಲ್ಲಿ ಕೆಲಸ ಮಾಡುವವರು ದಿನವೂ ಕಾಗದಗಳನ್ನು ಓದುತ್ತಾರೆ, ವರದಿಗಳನ್ನು ಬರೆಯುತ್ತಾರೆ, ಕಷ್ಟಕ್ಕೆ ಸಿಕ್ಕಿದ ಪ್ರವಾಸಿಯನ್ನು ಊರಿಗೆ ಕಳುಹಿಸುತ್ತಾರೆ. ಅದರಲ್ಲಿ ಆನೆಯಿಲ್ಲ, ಹೊಂಬಣ್ಣದ ಹೂಗಳ ಉಡುಪಿಲ್ಲ. ತದಡಿಯಲ್ಲಿ ಹಡಗನ್ನೇರಿದ ಅಡಿಗೆಯವರಿಗೂ ಖಲಾಸಿಗಳಿಗೂ ಅಂತಹ ಒಂದು ಮನೆಯು ಆ ದೂರದ ಊರಿನಲ್ಲಿ ಮೊದಲೇ ಇದ್ದಿದ್ದರೆ, ಅವರಲ್ಲಿ ಇನ್ನೂ ಕೆಲವರು ಮರಳಿ ಘಟ್ಟವನ್ನು ಹತ್ತುತ್ತಿದ್ದರು.